ಒತ್ತಕ್ಷರದ ಜಾಗ: ಕನ್ನಡ ಪುಟವಿನ್ಯಾಸದಲ್ಲಿ ಸಾಲಿನ ತೆರಪು

ಪೀಠಿಕೆ

ಮೈಸೂರಿನ ಮಾನಸಗಂಗೋತ್ರಿಯ ಸುತ್ತಮುತ್ತ ಕನ್ನಡದಲ್ಲಿ ಸಂಶೋಧನಾ ಪ್ರಬಂಧ ಬರೆಯುವವರಿಗೆ ಕೊನೆಯ ಹಂತದ ತೊಂದರೆಯೊಂದು ಚೆನ್ನಾಗಿ ಗೊತ್ತು. ಬರವಣಿಗೆ ಮುಗಿದಿರುತ್ತದೆ, ಮಾರ್ಗದರ್ಶಕರು ಒಪ್ಪಿರುತ್ತಾರೆ; ಡಿಟಿಪಿ ಮಾಡಿಸಿ ತಂದ ಪುಟ ಮಾತ್ರ ಓದಲು ತೊಡಕಾಗಿರುತ್ತದೆ. ನಾನು ನೋಡಿದ ಒಂದು ಕರಡಿನಲ್ಲಿ ‘ಪ್ರಸ್ತಾವನೆ’ ಎಂಬ ಪದ ಪರದೆಯ ಮೇಲೆ ‘ಪಸಾವನೆ’ ಎಂದು ಕಾಣುತ್ತಿತ್ತು. ಕಾಗುಣಿತ ತಪ್ಪಿರಲಿಲ್ಲ. ಸಾಲಿನ ಎತ್ತರ ಸಾಲದೆ ರಕಾರದ ಒತ್ತೂ ತಕಾರದ ಒತ್ತೂ ಮರೆಯಾಗಿದ್ದವು. ಕನ್ನಡದಲ್ಲಿ ಸಾಲುಗಳ ನಡುವಿನ ತೆರಪು ಲಿಪಿಯ ಒಂದು ಅಂಗವೇ ಆಗಿದೆ, ಅದರ ಅಳತೆಯನ್ನು ಕನ್ನಡ ಲಿಪಿಯ ರಚನೆಯಿಂದಲೇ ನಿರ್ಧರಿಸಬೇಕು ಎಂಬುದು ಈ ಲೇಖನದ ವಾದ.

1. ಮೂರು ಅಂತಸ್ತಿನ ಲಿಪಿ

ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಕೆಲವು ಅಕ್ಷರಗಳ ಬಾಲ ಮಾತ್ರ. ಕನ್ನಡದಲ್ಲಿ ಒಂದು ಇಡೀ ವ್ಯಂಜನವೇ ಕೆಳಗಿಳಿಯುತ್ತದೆ. ‘ಶಾಸ್ತ್ರ’ ಎಂಬಲ್ಲಿ ಸಕಾರದ ಕೆಳಗೆ ಎರಡು ಒತ್ತುಗಳಿಗೆ ಜಾಗ ಬೇಕು. ‘ಕೃ’ದ ವಟ್ರಸುಳಿ ಇಳಿಯುವುದೂ, ‘ಕೈ’ಯ ಐತ್ವದ ಒಂದು ಭಾಗ ಇಳಿಯುವುದೂ ಅದೇ ಜಾಗಕ್ಕೆ. ಮೇಲ್ಗಡೆ ತಲಕಟ್ಟು ಮತ್ತು ಗುಡಿಸು ತಮ್ಮ ಪಾಲಿನ ಎತ್ತರವನ್ನು ಕೇಳುತ್ತವೆ. ಹೀಗೆ ಕನ್ನಡದ ಸಾಲಿಗೆ ಮೇಲು, ನಡು, ಕೆಳಗು ಎಂಬ ಮೂರು ಅಂತಸ್ತುಗಳಿವೆ. ಒತ್ತುಗಳಲ್ಲಿ ಅರ್ಕಾವೊತ್ತು ಒಂದೇ ಇದಕ್ಕೆ ಹೊರತು; ‘ಸೂರ್ಯ’ದಲ್ಲಿ ಅದು ಬಲಕ್ಕೆ ಸರಿದು ಪದದ ಅಗಲವನ್ನು ಹೆಚ್ಚಿಸುತ್ತದೆ.

2. ಕಲ್ಲು, ಓಲೆ, ಅಚ್ಚುಮೊಳೆ

ಈ ಸಮಸ್ಯೆಯನ್ನು ಹಿಂದಿನವರು ಹೇಗೆ ನಿಭಾಯಿಸಿದರು ಎಂಬುದನ್ನು ನೋಡಲು ಮೈಸೂರಿಗಿಂತ ಒಳ್ಳೆಯ ಊರು ಸಿಗದು. 1936ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದ 16 ಸಾಲುಗಳಲ್ಲಿ ಪದಗಳ ನಡುವೆ ಇಂದಿನಂತೆ ತೆರಪು ಬಿಡುವ ಪದ್ಧತಿಯಿಲ್ಲ. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಹಸ್ತಪ್ರತಿ ಸಂಗ್ರಹದಲ್ಲಿ ಇರುವಂಥ ಓಲೆಗರಿಗಳಲ್ಲೂ ಪದಗಳು ಒಂದಕ್ಕೊಂದು ಹೊಂದಿಕೊಂಡೇ ಸಾಗುತ್ತವೆ. ದಾರ ಪೋಣಿಸುವ ರಂಧ್ರದ ಸುತ್ತ ಮಾತ್ರ ಲಿಪಿಕಾರ ಖಾಲಿ ಜಾಗ ಬಿಡುತ್ತಾನೆ. ಗರಿಯ ಅಗಲ ಕಿರಿದು, ಸಾಲುಗಳು ಒತ್ತಾಗಿರುತ್ತವೆ. ಆದರೂ ಕಂಠವೆಂಬ ಮೊನಚು ಲೇಖನಿಯಿಂದ ಕೊರೆಯುವ ಕೈಗೆ ಮೇಲಿನ ಸಾಲಿನ ಒತ್ತು ಕಣ್ಣೆದುರೇ ಇರುತ್ತಿತ್ತು. ಅದನ್ನು ಬಳಸಿಕೊಂಡು ಅಕ್ಷರವನ್ನು ತುಸು ಆಚೀಚೆ ಸರಿಸಲು ಅವಕಾಶವಿತ್ತು.

ಮೊಳೆ ಜೋಡಿಸುವ ಕಾಲದಲ್ಲಿ ಈ ಹೊಣೆ ಕಂಪೋಸಿಟರ್ ಕೈಗೆ ಬಂತು. ಸಾಲು ಸಾಲಿನ ನಡುವೆ ಅವರು ಸೀಸದ ತೆಳು ಪಟ್ಟಿ ಇಡುತ್ತಿದ್ದರು. ಪುಟವಿನ್ಯಾಸದವರು ಇಂದಿಗೂ ಬಳಸುವ ‘ಲೆಡಿಂಗ್’ ಎಂಬ ಮಾತಿನ ಮೂಲ ಆ ಸೀಸವೇ. ಪದದ ಕೊನೆ ಸಾಲಿಗೆ ಹಿಡಿಸದಿದ್ದರೆ ಅಕ್ಷರದ ಗಡಿ ನೋಡಿ ಮುರಿದು ಅಡ್ಡಗೆರೆ ಹಾಕುತ್ತಿದ್ದರು. ಲಿಪಿಕಾರನಾಗಲಿ ಕಂಪೋಸಿಟರ್ ಆಗಲಿ, ತೆರಪನ್ನು ಕಣ್ಣಿನಿಂದ ಅಳೆದರು ಎಂಬುದು ಇಲ್ಲಿ ಮುಖ್ಯ.

3. ಗಣಕಕ್ಕೆ ದಾಟಿದ ಹೊಣೆ

ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಇವು ಕನ್ನಡಿಗರಿಗೆ ಟೈಪಿಂಗ್ ಸಮಸ್ಯೆಯನ್ನು ಬಹುಮಟ್ಟಿಗೆ ಬಗೆಹರಿಸಿದವು. 1991ರಲ್ಲಿ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಯುನಿಕೋಡಿನಲ್ಲಿ ‘ಕನ್ನಡ’ ಎಂಬ ಮೂರಕ್ಷರದ ಪದ ಐದು ಸಂಕೇತಗಳಾಗಿ ಉಳಿಯುತ್ತದೆ: ಕ, ನ, ವಿರಾಮ, ನ, ಡ. ಎರಡನೆಯ ನಕಾರವನ್ನು ಒತ್ತಾಗಿಸಿ ಎಲ್ಲಿ ಕೂರಿಸಬೇಕೆಂಬುದನ್ನು ಫಾಂಟು ಮತ್ತು ತಂತ್ರಾಂಶ ಸೇರಿ ನಿರ್ಧರಿಸುತ್ತವೆ. ಬರೆಯುವವರ ಕಣ್ಣಳತೆ ಹೀಗೆ ಫಾಂಟಿನ ಅಂಕಿಗಳಿಗೆ ವರ್ಗವಾಯಿತು.

ಇಲ್ಲಿಂದಲೇ ತೊಡಕು ಶುರುವಾಗುತ್ತದೆ. ಪ್ರಬಂಧದ ಸಾಲುಗಳಿಗೆ ‘ಒಂದೂವರೆ’ ತೆರಪು ಕೊಡಿ ಎನ್ನುವುದು ವಾಡಿಕೆ. ಆದರೆ ವರ್ಡ್‌ನಲ್ಲಿ ಒಂದೂವರೆ ಎಂದರೆ ಆಯಾ ಫಾಂಟಿನ ಸ್ವಂತ ಎತ್ತರದ ಒಂದೂವರೆ ಪಟ್ಟು. ಟೈಮ್ಸ್ ನ್ಯೂ ರೋಮನ್ 12 ಪಾಯಿಂಟ್ ಇದ್ದರೆ ಅದು ಸುಮಾರು 21 ಪಾಯಿಂಟ್ ಆಗುತ್ತದೆ. ಕನ್ನಡ ಫಾಂಟುಗಳಲ್ಲಿ ಒಂದೊಂದರದು ಒಂದೊಂದು ಎತ್ತರ. ಕನ್ನಡದ ನಡುವೆ ಇಂಗ್ಲಿಷ್ ಪದ ಬಂದರೆ ಒಂದೇ ಪ್ಯಾರಾದಲ್ಲಿ ಎರಡು ಫಾಂಟುಗಳು ಸೇರಿ, ಸಾಲುಗಳ ಅಂತರ ಏರುಪೇರಾಗುತ್ತದೆ. ಇದನ್ನು ಸರಿಮಾಡಲೆಂದು ಆಪರೇಟರ್ ‘ಎಕ್ಸಾಕ್ಟ್ಲಿ’ ಆಯ್ಕೆಗೆ ಹೋಗಿ, ಇಂಗ್ಲಿಷಿಗೆ ಸಾಕಾಗುವ ಅಂಕಿಯನ್ನು ಕೊಡುತ್ತಾನೆ. ಸಾಲುಗಳು ಸಮವಾಗುತ್ತವೆ; ಗುಡಿಸು ಕತ್ತರಿಸಿ ಹೋಗುತ್ತದೆ, ಒತ್ತು ಕೆಳಗಿನ ತಲಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ. ‘ಪ್ರಸ್ತಾವನೆ’ ‘ಪಸಾವನೆ’ಯಾದದ್ದು ಹೀಗೆ.

4. ಸಾಲಿನ ಕೊನೆಯ ಸಮಸ್ಯೆ

ಸಂಧಿ, ಸಮಾಸ, ಪ್ರತ್ಯಯಗಳು ಕನ್ನಡದ ಪದವನ್ನು ಉದ್ದ ಮಾಡುತ್ತವೆ. ‘ವಿಶ್ವವಿದ್ಯಾನಿಲಯಗಳಲ್ಲಿರುವಂತಹ’ ಎಂಬ ಪದ ಸಾಲಿಗೆ ಹಿಡಿಸದೆ ಇಡಿಯಾಗಿ ಕೆಳಗೆ ಜಾರಿದರೆ, ಎರಡೂ ಅಂಚು ಸಮ ಮಾಡಿದ ಪುಟದಲ್ಲಿ ಉಳಿದ ಪದಗಳ ನಡುವೆ ದೊಡ್ಡ ಕಂದಕಗಳು ಬೀಳುತ್ತವೆ. ಪದ ಮುರಿಯುವುದೇ ಇದಕ್ಕೆ ಮದ್ದು. ಮುರಿಯುವ ನಿಯಮ ಮಾತ್ರ ಕನ್ನಡದ್ದೇ ಆಗಿರಬೇಕು. ‘ಕನ್ನಡ’ವನ್ನು ‘ಕ-ನ್ನಡ’ ಅಥವಾ ‘ಕನ್ನ-ಡ’ ಎಂದು ಮುರಿಯಬಹುದು. ‘ಕನ್-ನಡ’ ಎಂದರೆ ಒತ್ತಕ್ಷರವೇ ಒಡೆದುಹೋಗುತ್ತದೆ. ಟೆಕ್ (TeX) ಎಂಬ ಪುಟವಿನ್ಯಾಸ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಇಂಥ ನಿಯಮಗಳು ಸಿದ್ಧವಾಗಿವೆ. ಆ ಅನುಕೂಲ ಇಲ್ಲದ ಕಡೆ ಬಲ ಅಂಚನ್ನು ಸಮ ಮಾಡದೆ ಬಿಡುವುದೇ ಮೇಲು.

ಕಣ್ಣಿಗೆ ಕಾಣದ ಇನ್ನೊಂದು ತೆರಪೂ ಇದೆ. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರ ಒತ್ತಾಗದಂತೆ ತಡೆಯುವುದು ಶೂನ್ಯ ಅಗಲದ ಒಂದು ಸಂಕೇತ. ಇದನ್ನು ತಿಳಿಯದವರು ಆ ಜಾಗದಲ್ಲಿ ಸ್ಪೇಸ್ ಬಾರ್ ಒತ್ತಿ, ಒಂದು ಪದವನ್ನು ಎರಡಾಗಿಸುತ್ತಾರೆ.

5. ಸಲಹೆಗಳು

ಮೊದಲನೆಯದಾಗಿ, ಸಾಲಿನ ತೆರಪಿಗೆ ‘ಎಕ್ಸಾಕ್ಟ್ಲಿ’ ಬದಲು ‘ಅಟ್ ಲೀಸ್ಟ್’ ಆರಿಸಿಕೊಳ್ಳಬೇಕು. ಕನ್ನಡ ಫಾಂಟಿನ ಸಹಜ ಎತ್ತರಕ್ಕಿಂತ ತುಸು ಹೆಚ್ಚಿನ ಅಂಕಿ ಕೊಟ್ಟರೆ ಒತ್ತೂ ಉಳಿಯುತ್ತದೆ, ಇಂಗ್ಲಿಷ್ ಪದವಿದ್ದ ಸಾಲೂ ಸಮವಾಗುತ್ತದೆ. ಎರಡನೆಯದಾಗಿ, ಪ್ಯಾರಾಗಳ ನಡುವೆ ಎಂಟರ್ ಒತ್ತಿ ಖಾಲಿ ಸಾಲು ಬಿಡುವುದನ್ನೂ, ಸ್ಪೇಸ್ ಬಾರಿನಿಂದ ಮೊದಲ ಸಾಲನ್ನು ಒಳಗೆ ತಳ್ಳುವುದನ್ನೂ ಕೈಬಿಟ್ಟು, ಎರಡನ್ನೂ ಸ್ಟೈಲ್‌ನಲ್ಲೇ ನಿಗದಿ ಮಾಡಬೇಕು. ಆಗ ಫಾಂಟು ಬದಲಿಸಿದರೂ ಪುಟ ಚದುರುವುದಿಲ್ಲ. ಮೂರನೆಯದಾಗಿ, ಅಚ್ಚಿಗೆ ಕೊಡುವ ಮೊದಲು ‘ರಾಷ್ಟ್ರ’, ‘ಸ್ತ್ರೀ’ ಪದಗಳ ಸಾಲಿನ ಕೆಳಗೆ ‘ಕಿ’, ‘ಠೀ’ ಬರುವಂತೆ ಎರಡು ಸಾಲು ಟೈಪ್ ಮಾಡಿ, ಕಾಗದದ ಮೇಲೆ ತೆಗೆದು ನೋಡಬೇಕು. ಅಲ್ಲಿ ಅಕ್ಷರಗಳು ತಗಲದಿದ್ದರೆ ಬೇರೆಲ್ಲೂ ತಗಲುವುದು ಕಡಿಮೆ.

ಸಮಾರೋಪ

ಇಂಗ್ಲಿಷಿಗಾಗಿ ಬರೆದ ಪುಟವಿನ್ಯಾಸದ ನಿಯಮವನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ನಷ್ಟವಾಗುವುದು ಓದುಗರಿಗೆ. ಕನ್ನಡ ಪ್ರಬಂಧ ಸ್ವೀಕರಿಸುವ ವಿಶ್ವವಿದ್ಯಾನಿಲಯಗಳು ಫಾಂಟಿನ ಹೆಸರನ್ನೂ, ಅಕ್ಷರದ ಗಾತ್ರ ಮತ್ತು ಸಾಲಿನ ಕನಿಷ್ಠ ಎತ್ತರವನ್ನು ಪಾಯಿಂಟಿನಲ್ಲೂ ಸ್ಪಷ್ಟವಾಗಿ ಹೇಳುವ ಕನ್ನಡದ್ದೇ ಆದ ಮಾರ್ಗಸೂಚಿಯನ್ನು ಹೊರತರಬೇಕು. ಓಲೆಯ ಮೇಲೆ ಒತ್ತಿಗೆ ಜಾಗ ಉಳಿಸಿದ ಲಿಪಿಕಾರರ ಗರಿಗಳನ್ನು ಕಾಯ್ದಿಟ್ಟ ಮೈಸೂರಿನಿಂದಲೇ ಈ ಕೆಲಸ ಆರಂಭವಾಗಲಿ.