ಗೆರೆಯೂ ಚೌಕವೂ ಒಂದೇ ಏನು?

ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಪಕ್ಕದಲ್ಲಿ ಒಂದು ಚೌಕ ಬರೆಯಿರಿ. ಯಾವುದರಲ್ಲಿ ಹೆಚ್ಚು ಬಿಂದುಗಳಿವೆ? ಚೌಕದಲ್ಲಿ ಎಂದು ನೀವು ಥಟ್ಟನೆ ಹೇಳುವಿರಿ. ಬಹುಪಾಲು ಗಣಿತಜ್ಞರೂ ಹಾಗೆಯೇ ಭಾವಿಸಿದ್ದರು.

1877ರಲ್ಲಿ ಜರ್ಮನಿಯ ಹಾಲೆ ನಗರದ ಪ್ರಾಧ್ಯಾಪಕ ಗೇಯಾರ್ಗ್ ಕ್ಯಾಂಟರ್ ಈ ನಂಬಿಕೆಯನ್ನು ಬುಡಮೇಲು ಮಾಡಿದರು. ಗೆರೆಯ ಒಂದೊಂದು ಬಿಂದುವಿಗೂ ಚೌಕದ ಒಂದೊಂದು ಬಿಂದುವನ್ನು, ಎರಡು ಕಡೆಯೂ ಯಾವುದೂ ಉಳಿಯದಂತೆ, ಜೋಡಿಸಬಹುದೆಂದು ಸಾಧಿಸಿದರು. ಕಣ್ಣಿಗೆ ಕಾಣುತ್ತಿದ್ದರೂ ತಮಗೇ ನಂಬಲಾಗುತ್ತಿಲ್ಲವೆಂದು ಮಿತ್ರ ರಿಚರ್ಡ್ ಡೆಡೆಕಿಂಡ್‌ರಿಗೆ ಪತ್ರ ಬರೆದರು. ಹಾಗಾದರೆ ಗೆರೆಗೆ ಒಂದು ಆಯಾಮ, ಚೌಕಕ್ಕೆ ಎರಡು ಎಂಬ ಮಾತಿಗೆ ಅರ್ಥವೇ ಇಲ್ಲವೇ?

ಡೆಡೆಕಿಂಡ್ ಎದೆಗುಂದಲಿಲ್ಲ. ಬಿಂದುಗಳನ್ನು ಜೋಡಿಸಿದರೆ ಸಾಲದು, ಅವುಗಳ ನೆರೆಹೊರೆಯೂ ಉಳಿಯಬೇಕು. ಆಯಾಮ ಬೇರೆಯಾದಾಗ ಅಂಥ ಜೋಡಣೆ ಎಲ್ಲಾದರೂ ಕಡಿದುಹೋಗಲೇಬೇಕು ಎಂಬುದು ಅವರ ಊಹೆ.

ಇದನ್ನು ಟಿ.ವಿ.ಯ ಉದಾಹರಣೆಯಿಂದಲೇ ನೋಡೋಣ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ನಮ್ಮ ದೇಶದಲ್ಲಿ ಪ್ರತಿ ಚಿತ್ರವನ್ನೂ 625 ಗೆರೆಗಳ ಲೆಕ್ಕದಲ್ಲಿ ಸೀಳಿ, ಒಂದೇ ಉದ್ದನೆಯ ಸಂಕೇತವಾಗಿ ಕಳಿಸುತ್ತಿದ್ದೆವು. ಪರದೆಯಲ್ಲಿ ಒಂದರ ಕೆಳಗೊಂದು ತಾಗಿಕೊಂಡಿದ್ದ ಎರಡು ಚುಕ್ಕೆಗಳು ಆ ಸಂಕೇತದಲ್ಲಿ ದೂರ ದೂರ ಬೀಳುತ್ತಿದ್ದವು. ಚಿತ್ರ ತಲುಪುತ್ತಿತ್ತು, ದಾರಿಯಲ್ಲಿ ನೆರೆಹೊರೆ ಕಡಿಯುತ್ತಿತ್ತು.

1890ರಲ್ಲಿ ಇಟಲಿಯ ಜುಸೆಪ್ಪೆ ಪಿಯಾನೊ ಇನ್ನೊಂದು ಅಚ್ಚರಿ ತೋರಿಸಿದರು. ಎಲ್ಲಿಯೂ ಕಡಿಯದೆ ಸಾಗಿ ಇಡೀ ಚೌಕವನ್ನು ತುಂಬುವ ವಕ್ರರೇಖೆ ಅದು. ಆದರೆ ಕೆಲವು ಬಿಂದುಗಳನ್ನು ಅದು ಒಂದಕ್ಕಿಂತ ಹೆಚ್ಚು ಸಲ ಹಾದುಹೋಗುತ್ತದೆ. ಕ್ಯಾಂಟರರ ಜೋಡಣೆಯಲ್ಲಿ ನೆರೆಹೊರೆ ಇಲ್ಲ. ಪಿಯಾನೊ ಅವರದರಲ್ಲಿ ಒಂದಕ್ಕೊಂದು ಎಂಬ ನಿಯಮವಿಲ್ಲ.

ಆದ್ದರಿಂದ ಟೊಪಾಲಜಿಯಲ್ಲಿ ಎರಡು ಆಕೃತಿಗಳು ಸಮಾನವೆನ್ನಲು ಎರಡೂ ಬೇಕು: ಜೋಡಣೆ ಒಂದಕ್ಕೊಂದು ಇರಬೇಕು, ಹೋಗುವಾಗಲೂ ಹಿಂತಿರುಗುವಾಗಲೂ ಅವಿಚ್ಛಿನ್ನವಾಗಿರಬೇಕು. ಇದಕ್ಕೆ ಹೋಮಿಯೊಮಾರ್ಫಿಸಂ ಎಂದು ಹೆಸರು. ಈ ಲೆಕ್ಕದಲ್ಲಿ ಬಳೆಯೂ ಚೌಕಾಕಾರದ ಕಟ್ಟೂ ಒಂದೇ.

ಗೆರೆ, ಚೌಕಗಳ ಗತಿ? ಗೆರೆಯ ನಡುವಿನಿಂದ ಒಂದು ಬಿಂದುವನ್ನು ತೆಗೆಯಿರಿ, ಅದು ಎರಡು ತುಂಡಾಗುತ್ತದೆ. ಚೌಕದಿಂದ ಯಾವ ಬಿಂದುವನ್ನು ತೆಗೆದರೂ ಅದು ಒಂದೇ ತುಂಡಾಗಿ ಉಳಿಯುತ್ತದೆ. ಆದ್ದರಿಂದ ಅವು ಸಮಾನವಲ್ಲ. ಹೆಚ್ಚಿನ ಆಯಾಮಗಳಿಗೆ ಈ ಉಪಾಯ ಸಾಲದು. ಎಲ್ಲ ಆಯಾಮಗಳಿಗೂ ಡೆಡೆಕಿಂಡ್‌ರ ಊಹೆ ಸರಿಯೆಂದು 1911ರಲ್ಲಿ ಸಾಧಿಸಿದವರು ಹಾಲೆಂಡಿನ ಬ್ರೌವರ್. ಅಷ್ಟರಲ್ಲಿ 34 ವರ್ಷಗಳು ಕಳೆದಿದ್ದವು.

ಈಗ ನಿಮ್ಮ ಸರದಿ. 8 ಮತ್ತು 0 ಎಂಬ ಅಂಕಿಗಳನ್ನು ಬರೆಯಿರಿ. ಇವೆರಡೂ ಸಮಾನವೇ? ಒಂದು ಬಿಂದುವನ್ನು ತೆಗೆದು ನೋಡಿ. ಯಾವ ಬಿಂದು ಎಂಬುದನ್ನು ಮಾತ್ರ ಯೋಚಿಸಿ ಆರಿಸಿ.