ಸಣ್ಣ ಪ್ಲಾಸ್ಟಿಕ್ ಶ್ರೆಡರ್

ಬಳಸಿ ಬಿಸಾಡಿದ ಗಟ್ಟಿ ಪ್ಲಾಸ್ಟಿಕ್ ವಸ್ತುಗಳನ್ನು ಕರಗಿಸಿ ಮತ್ತೆ ಅಚ್ಚು ಹಾಕಲು ಅನುಕೂಲವಾಗುವಂತೆ ಚೂರು ಮಾಡುವ ಯಂತ್ರ. ಖಾಲಿ ಬಾಟಲಿ, ಡಬ್ಬಗಳಲ್ಲಿ ಪ್ಲಾಸ್ಟಿಕ್ಕಿಗಿಂತ ಗಾಳಿಯೇ ಹೆಚ್ಚು. ಚೂರಾದ ಸರಕನ್ನು ಸಾಗಿಸುವುದೂ ತೊಳೆಯುವುದೂ ಸುಲಭ. ಕರಗುವಾಗ ಅದು ಒಂದೇ ಹದಕ್ಕೆ ಬರುತ್ತದೆ.

ಕಾರ್ಖಾನೆಗಳಿಗಷ್ಟೇ ಎಟುಕುತ್ತಿದ್ದ ಈ ಯಂತ್ರವನ್ನು ಸಾಮಾನ್ಯ ವೆಲ್ಡಿಂಗ್ ಶಾಪ್‌ನಲ್ಲೂ ಕಟ್ಟಬಹುದೆಂದು ತೋರಿಸಿದವರಲ್ಲಿ ನೆದರ್‌ಲೆಂಡ್ಸ್‌ನ ವಿನ್ಯಾಸಕಾರ ಡೇವ್ ಹಕ್ಕೆನ್ಸ್ ಮುಖ್ಯರು. 2013ರಲ್ಲಿ ಅವರು ಆರಂಭಿಸಿದ 'ಪ್ರೆಷಸ್ ಪ್ಲಾಸ್ಟಿಕ್' ಯೋಜನೆ ಯಂತ್ರದ ನಕ್ಷೆಗಳನ್ನು ಯಾರು ಬೇಕಾದರೂ ಬಳಸಲು ಉಚಿತವಾಗಿ ಬಿಟ್ಟುಕೊಟ್ಟಿತು. ಅದರ ನಾಲ್ಕನೇ ಆವೃತ್ತಿ 2020ರಲ್ಲಿ ಹೊರಬಂತು.

ಯಂತ್ರದ ಎದೆಭಾಗ ಒಂದು ಉಕ್ಕಿನ ಪೆಟ್ಟಿಗೆ. ಅದರೊಳಗೆ ಎರಡೂ ತುದಿಗೆ ಬೇರಿಂಗ್ ಇರುವ ಷಟ್ಕೋನಾಕಾರದ ಶಾಫ್ಟ್. 5-6 ಮಿ.ಮೀ. ದಪ್ಪದ ತಗಡಿನಿಂದ ಲೇಸರ್‌ನಲ್ಲಿ ಕತ್ತರಿಸಿದ ಕೊಕ್ಕೆಹಲ್ಲಿನ ಬ್ಲೇಡುಗಳನ್ನು ಶಾಫ್ಟ್‌ಗೆ ಪೋಣಿಸಿ, ನಡುನಡುವೆ ಸ್ಪೇಸರ್ ಕೂರಿಸುತ್ತಾರೆ. ಪ್ರತಿ ಬ್ಲೇಡೂ ಪೆಟ್ಟಿಗೆಗೆ ಬಿಗಿದ ಸ್ಥಿರ ಬ್ಲೇಡುಗಳ ಸಂದಿಯಲ್ಲಿ ಹಾದುಹೋಗುವಾಗ ಪ್ಲಾಸ್ಟಿಕ್ ತುಂಡಾಗುತ್ತದೆ. ಇಲ್ಲಿ ಬಿಡುವು ಅರ್ಧ ಮಿ.ಮೀ. ಆಸುಪಾಸಿನಲ್ಲಿರಬೇಕು. ಹೆಚ್ಚಾದರೆ ಪ್ಲಾಸ್ಟಿಕ್ ಕತ್ತರಿಸದೆ ಮಡಚಿ ಸಿಕ್ಕಿಕೊಳ್ಳುತ್ತದೆ; ಕಡಿಮೆಯಾದರೆ ಉಕ್ಕಿಗೆ ಉಕ್ಕು ಉಜ್ಜುತ್ತದೆ. ಕತ್ತರಿಸಿದ ಚೂರು ಕೆಳಗಿನ ಜಾಲರಿಯ ರಂಧ್ರಕ್ಕಿಂತ ದೊಡ್ಡದಿದ್ದರೆ ಮತ್ತೆ ಹಲ್ಲಿಗೆ ಸಿಕ್ಕುತ್ತದೆ.

ಹೊಸಬರು ಎಡವುವುದು ವೇಗದ ವಿಷಯದಲ್ಲಿ. ಶ್ರೆಡರ್‌ಗೆ ಬೇಕಾದದ್ದು ವೇಗವಲ್ಲ, ತಿರುಚುವ ಬಲ, ಅಂದರೆ ಟಾರ್ಕ್. ನಿಮಿಷಕ್ಕೆ 1,440 ಸುತ್ತು ತಿರುಗುವ 1.5 ಕಿಲೋವ್ಯಾಟ್ ಮೋಟರಿಗೆ 20:1 ಗೇರ್‌ಬಾಕ್ಸ್ ಕೂರಿಸಿದರೆ ಶಾಫ್ಟ್ 72 ಸುತ್ತು ತಿರುಗುತ್ತದೆ. ಘರ್ಷಣೆಯ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಿಗುವ ಟಾರ್ಕ್ ಸುಮಾರು 200 ನ್ಯೂಟನ್-ಮೀಟರ್. ಶಾಫ್ಟ್‌ನ ನಡುವಿನಿಂದ 6 ಸೆಂ.ಮೀ. ದೂರದ ಹಲ್ಲಿನ ತುದಿಯಲ್ಲಿ ಅದು ಮೂರು ಕ್ವಿಂಟಲ್ ತೂಕಕ್ಕೂ ಮಿಗಿಲು. ಹಲ್ಲುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸದೆ, ಸುರುಳಿಯಂತೆ ಒಂದಾದ ಮೇಲೊಂದು ಕಚ್ಚುವ ಹಾಗೆ ಜೋಡಿಸಿದರೆ ಈ ಬಲ ಹಂಚಿಹೋಗುವುದಿಲ್ಲ. ಗಟ್ಟಿ ಡಬ್ಬದ ದಪ್ಪ ಅಂಚನ್ನು ಕತ್ತರಿಸಲು ಹೀಗೆ ಒಂದೆಡೆ ಸೇರಿದ ಬಲ ಬೇಕೇಬೇಕು.

ವಿಂಗಡಿಸದೆ ಹಾಕಿದರೆ ಎಂಥ ಒಳ್ಳೆಯ ಯಂತ್ರವೂ ಕೆಲಸಕ್ಕೆ ಬಾರದ ಸರಕನ್ನೇ ಕೊಡುತ್ತದೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ನೀರಿನ ಬಾಟಲಿಯ ಪ್ಲಾಸ್ಟಿಕ್ ಆದ ಪೆಟ್‌ಗೆ 250 ದಾಟಬೇಕು. ಕೆಲವು ಬೆರಕೆಯನ್ನು ನೀರಿನಲ್ಲೇ ಬೇರ್ಪಡಿಸಬಹುದು: ನೀರಿನ ಬಾಟಲಿಯನ್ನು ಮುಚ್ಚಳದೊಂದಿಗೇ ಚೂರು ಮಾಡಿ ನೀರಿಗೆ ಹಾಕಿದರೆ ಮುಚ್ಚಳದ ಚೂರು ತೇಲುತ್ತದೆ, ಬಾಟಲಿಯದು ಮುಳುಗುತ್ತದೆ. ಬಿಸಿ ಮಾಡಿದಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುವ ಪಿವಿಸಿಯನ್ನು ಹತ್ತಿರವೂ ಸೇರಿಸಬಾರದು. ತೆಳು ಕವರುಗಳು ಶಾಫ್ಟ್‌ಗೆ ಸುತ್ತಿಕೊಳ್ಳುವುದರಿಂದ ಅವುಗಳಿಗೆ ಬೇರೆ ಬಗೆಯ ಯಂತ್ರವೇ ಸೂಕ್ತ. ಬೆಂಗಳೂರಿನಲ್ಲಿ ಅಂಥ ಪ್ಲಾಸ್ಟಿಕ್ಕನ್ನು ಚೂರು ಮಾಡಿ ಡಾಂಬರಿಗೆ ಬೆರೆಸಿ ರಸ್ತೆ ಹಾಕುವ ಕೆಲಸ 2000ರ ದಶಕದಲ್ಲೇ ಶುರುವಾಯಿತು.

ನಿಧಾನವಾಗಿ ತಿರುಗುವ ಯಂತ್ರ ನೋಡಲು ಸಾಧುವಾಗಿ ಕಂಡರೂ, ಸಿಕ್ಕಿದ ಬೆರಳನ್ನು ಬಿಡುವುದಿಲ್ಲ. ಪ್ಲಾಸ್ಟಿಕ್ ಸುರಿಯುವ ಬಾಯಿ, ಅಂದರೆ ಹಾಪರ್, ಕೈ ಇಳಿಬಿಟ್ಟರೂ ಬ್ಲೇಡಿಗೆ ತಾಗದಷ್ಟು ಎತ್ತರವಿರಬೇಕು. ತುರ್ತು ಸ್ವಿಚ್, ಹಿಮ್ಮುಖ ತಿರುಗುವಿಕೆ, ಸರಿಯಾದ ಅರ್ಥಿಂಗ್ ಕಡ್ಡಾಯ. ಸಿಕ್ಕಿಕೊಂಡ ಪ್ಲಾಸ್ಟಿಕ್ ಬಿಡಿಸುವ ಮುನ್ನ ಕರೆಂಟ್ ಸಂಪರ್ಕವನ್ನೇ ಕಿತ್ತುಬಿಡಬೇಕು. ಚೂರು ತೊಳೆದ ನೀರನ್ನು ಸಣ್ಣ ನೇಯ್ಗೆಯ ಬಟ್ಟೆಯಲ್ಲಿ ಸೋಸದೆ ಚರಂಡಿಗೆ ಬಿಡಬಾರದು. ಬಿಟ್ಟರೆ ಬ್ಲೇಡಿನಿಂದ ಉದುರಿದ ಪ್ಲಾಸ್ಟಿಕ್ ಪುಡಿ ಕೆರೆ, ಹೊಳೆ ಸೇರುತ್ತದೆ.