ಕೀಲೆಣ್ಣೆಯಿಂದ ಎಣ್ಣೆ ಪಂಪಿನವರೆಗೆ

ಎತ್ತಿನ ಗಾಡಿಯ ಅಡಿಯಲ್ಲಿ, ಅಚ್ಚಿನ ಮಗ್ಗುಲಿಗೆ ನೇತಾಡುತ್ತಿದ್ದ ಬಿದಿರ ಗೊಟ್ಟವನ್ನು ವಾಚಕರಲ್ಲಿ ಎಷ್ಟು ಮಂದಿ ಕಂಡಿರುವಿರೋ ನಾನರಿಯೆ. ಅದರಲ್ಲಿರುತ್ತಿದ್ದುದು ಕೀಲೆಣ್ಣೆ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಮಾಡಿದ ಕರಿಯ ಲೇಪ. ಗಾಲಿ ಕಿರುಗುಟ್ಟಿತೆಂದರೆ ಗಾಡಿಯವನು ಕೆಳಗಿಳಿದು, ಕಡೆಗೀಲನ್ನು ತೆಗೆದು, ಗಾಲಿಯನ್ನು ತುಸು ಹೊರಕ್ಕೆ ಜರುಗಿಸಿ, ಬೆರಳಿನಿಂದ ಅಚ್ಚಿಗೆ ಬಳಿದು, ಮತ್ತೆ ದಾರಿ ಹಿಡಿಯುತ್ತಿದ್ದನು. ನಮ್ಮ ಹೊಸಹಳ್ಳಿಯ ಪಕ್ಕದ ಮಾಗಡಿ ರಸ್ತೆಯಲ್ಲಿ ಇಂಥ ಗಾಡಿಗಳು ಸಾಲುಗಟ್ಟಿ ಬರುತ್ತಿದ್ದುವೆಂದು ನಮ್ಮ ತಂದೆಯವರು ಹೇಳುತ್ತಿದ್ದರು. 2015ರ ನವೆಂಬರಿನಿಂದ ಹೊಸಹಳ್ಳಿಯ ತಲೆಯ ಮೇಲೆ ಮೆಟ್ರೊ ರೈಲು ಓಡುತ್ತಿದೆ. ಕೀಲೆಣ್ಣೆ ಎಂಬ ಮಾತಿಗೆ ನನ್ನ ಶಾಲೆಯ ಹತ್ತನೆಯ ತರಗತಿಯಲ್ಲಿ ಅರ್ಥ ಕೇಳಿದರೆ ಒಂದು ಕೈಯೂ ಮೇಲೇಳುವುದಿಲ್ಲ.

ಕನ್ನಡ ಪಂಡಿತನಿಗೆ ಎಣ್ಣೆಯ ಮಾತು ಬಂದಾಗ ಪದದ ಚಪಲ ಬಿಡದು, ಕ್ಷಮಿಸಬೇಕು. ಎಣ್ಣೆಯೆಂದರೆ ಎಳ್ಳಿನ ನೆಯ್. ಬೆಣ್ಣೆಯೆಂದರೆ ಬೆಳ್ಳಗಿನ ನೆಯ್. ಸಂಸ್ಕೃತದಲ್ಲಿ ಎಣ್ಣೆಗೂ ಗೆಳೆತನಕ್ಕೂ ಸ್ನೇಹವೆಂಬ ಒಂದೇ ಹೆಸರು. ಚರಕಸಂಹಿತೆಯಲ್ಲಿ ಅಭ್ಯಂಜನದ ಗುಣವನ್ನು ಹೇಳುವಾಗ, ಎಣ್ಣೆ ಹಾಕಿದ ಬಂಡಿಯ ಅಚ್ಚು ಹೇಗೆ ಗಟ್ಟಿಯಾಗಿ ಕ್ಲೇಶವನ್ನು ತಾಳಿಕೊಳ್ಳುವುದೋ ಹಾಗೆ ದೇಹವೂ ಎಂದು ಹೋಲಿಕೆ ಕೊಟ್ಟಿದೆ. ವೈದ್ಯನು ಗಾಡಿಯವನಿಂದ ಕಲಿತದ್ದು ಇದು.

ಇರಲಿ. ನಾನು ಹೇಳಹೊರಟದ್ದು ಮೋಟಾರು ಸೈಕಲ್ಲಿನ ಎಣ್ಣೆ ಪಂಪಿನ ಕಥೆಯನ್ನು. ಅದು ಗಾಡಿಯವನ ಬೆರಳಿನಿಂದಲೇ ಪ್ರಾರಂಭವಾಗುತ್ತದೆ ಎಂದರೆ ಉತ್ಪ್ರೇಕ್ಷೆಯಾಗದು. ಮೊದಮೊದಲ ಮೋಟಾರು ಸೈಕಲ್ಲುಗಳಲ್ಲಿ ಟ್ಯಾಂಕಿನ ಪಕ್ಕಕ್ಕೆ ಒಂದು ಕೈಪಂಪು ಇರುತ್ತಿತ್ತು. ಕೆಲವು ಮೈಲಿಗೊಮ್ಮೆ ಸವಾರನೇ ಅದನ್ನು ಒತ್ತಬೇಕು. ಒತ್ತಿದ ಎಣ್ಣೆ ಎಂಜಿನ್ನಿನೊಳಗೆ ಇಳಿದು, ಕೆಲಸ ಮಾಡಿ, ಅರ್ಧ ಉರಿದು ಅರ್ಧ ರಸ್ತೆಗೆ ಸೋರಿ ಹೋಗುತ್ತಿತ್ತು. ಸವಾರನು ಮರೆತರೆ ಎಂಜಿನ್ನು ಬಿಗಿಯುತ್ತಿತ್ತು. ಭಯಪಟ್ಟು ಹೆಚ್ಚು ಒತ್ತಿದರೆ ಹಿಂದಿನವರಿಗೆ ಹೊಗೆ. ಆ ಕಾಲದ ಎಣ್ಣೆಯಲ್ಲೂ ಹರಳೆಣ್ಣೆಯ ಪಾಲು ಇತ್ತು. 1909ರಲ್ಲಿ ಬಂದ ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ನಮ್ಮ ಗಾಡಿಯವನ ಗೊಟ್ಟವೂ ಪಂದ್ಯದ ಮೋಟಾರೂ ಒಂದೇ ಬೀಜದ ಋಣಿಗಳು!

ಮನುಷ್ಯನ ನೆನಪನ್ನು ನಂಬಲಾಗದೆಂದು ತಿಳಿದ ಮೇಲೆ ಎಂಜಿನ್ನೇ ತನ್ನ ಎಣ್ಣೆಯನ್ನು ತಾನು ಹೊಯ್ದುಕೊಳ್ಳುವ ಏರ್ಪಾಡು ಬಂದಿತು. ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಸಂಸ್ಥೆ 1913ರ ಹೊತ್ತಿಗೆ ತನ್ನ ಎರಡು ಸಿಲಿಂಡರಿನ ಒಂದು ವಾಹನದಲ್ಲಿ ಯಾಂತ್ರಿಕ ಪಂಪನ್ನಿಟ್ಟು, ಎಣ್ಣೆಯನ್ನು ಕಳಿಸಿ ಮರಳಿ ತರುವ ಕ್ರಮವನ್ನು ತಂದಿತು. ಅದರ ಎಣ್ಣೆಯ ತೊಟ್ಟಿ ಗಾಜಿನದು. ಇದನ್ನು ನೆನಪಿನಲ್ಲಿಡಿ. ಪಂಪು ಕಾಣದಿದ್ದರೂ ಎಣ್ಣೆಯಾದರೂ ಸವಾರನ ಕಣ್ಣಿಗೆ ಕಾಣಲಿ ಎಂಬ ಅಂದಿನವರ ವಿವೇಕ ಮುಂದೆ ನಮಗೆ ಬೇಕಾಗುತ್ತದೆ.

ನಮ್ಮ ನಾಡಿನಲ್ಲಿ ಈ ಕಥೆಯ ಸ್ವಾರಸ್ಯವಾದ ಅಧ್ಯಾಯ ನಡೆದದ್ದು ಮೈಸೂರಿನ ಯಾದವಗಿರಿಯಲ್ಲಿ. ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ 250 ಸಿ.ಸಿ.ಯ ಜಾವಾ ಮೋಟಾರು ಸೈಕಲ್ಲುಗಳು ಹೊರಬರತೊಡಗಿದುವು; ಮೂಲ ಜೆಕೊಸ್ಲೊವಾಕಿಯಾದ್ದು. 1970ರ ದಶಕದಲ್ಲಿ ಅವಕ್ಕೆ ಯೆಜ್ಡಿ ಎಂಬ ಹೆಸರಾಯಿತು. ಇವು ಟೂ ಸ್ಟ್ರೋಕ್ ಎಂಜಿನ್ನುಗಳು. ಪೆಟ್ರೋಲು ಎಂಜಿನ್ನಿನ ಹೊಟ್ಟೆಯ ಮೂಲಕವೇ ಹಾದು ಮೇಲಕ್ಕೆ ಹೋಗುವುದರಿಂದ, ಪೆಟ್ರೋಲಿಗೇ ಎಣ್ಣೆ ಬೆರೆಸಿಬಿಟ್ಟರೆ ಒಳಗಿನ ಬೇರಿಂಗುಗಳಿಗೂ ಪಿಸ್ಟನ್ನಿಗೂ ದಾರಿಯುದ್ದಕ್ಕೂ ಲೇಪವಾಗುತ್ತದೆ. ಪಂಪೇ ಬೇಡ. ಇಪ್ಪತ್ತಕ್ಕೊಂದು ಪಾಲು, ಎಂದರೆ ಲೀಟರಿಗೆ 50 ಮಿಲಿಲೀಟರು ಎಣ್ಣೆ. ಬಂಕಿನಲ್ಲಿ ಅಳತೆಯ ಪಾತ್ರೆ ಹಿಡಿದು ಬಗ್ಗಿ ನೋಡುವ ಸವಾರರ ಚಿತ್ರ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

ಈ ಸರಳತೆಯಲ್ಲಿ ಒಂದು ಕುಂದುಂಟು. ಎಣ್ಣೆ ಪೆಟ್ರೋಲಿನ ಬೆನ್ನು ಹತ್ತಿ ಬರುತ್ತದೆ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಸವಾರನು ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿದನೆನ್ನಿ. ಇಳಿಜಾರು ಎಂಜಿನ್ನನ್ನು ಭರದಿಂದ ತಿರುಗಿಸುತ್ತದೆ, ಆದರೆ ಒಳಗೆ ಪೆಟ್ರೋಲು ಹೋಗುತ್ತಿಲ್ಲವಾದ್ದರಿಂದ ಎಣ್ಣೆಯೂ ಇಲ್ಲ. ಮತ್ತೆ ನಿಂತಲ್ಲೇ ಮೆಲ್ಲನೆ ಗುಡುಗುಡಿಸುವಾಗ ಬೇಕಾದದ್ದಕ್ಕಿಂತ ಹೆಚ್ಚು ಎಣ್ಣೆ. ಅದರಿಂದ ಹೊಗೆ, ಮಸಿ. ಇದಕ್ಕೆ ಪರಿಹಾರವಾಗಿ ಜಪಾನಿನ ಯಮಾಹಾ ಸಂಸ್ಥೆ 1964ರಲ್ಲಿ ಆಟೋಲ್ಯೂಬ್ ಎಂಬ ಪಂಪನ್ನು ತಂದಿತು. ಎಂಜಿನ್ನು ತಿರುಗಿದಷ್ಟು, ಆಕ್ಸಿಲರೇಟರು ತೆರೆದಷ್ಟು, ಎರಡನ್ನೂ ನೋಡಿಕೊಂಡು ಬೇರೆ ತೊಟ್ಟಿಯಿಂದ ಎಣ್ಣೆ ಕೊಡುವ ಪಂಪು ಅದು. ಜೆಕೊಸ್ಲೊವಾಕಿಯಾದವರೂ ಆಯಿಲ್‌ಮಾಸ್ಟರ್ ಎಂದು ಅಂಥದೊಂದನ್ನು ಮಾಡಿದರು. ನಮ್ಮ ಮೈಸೂರಿನವರು 1970ರ ದಶಕದಲ್ಲಿ ಯೆಜ್ಡಿ ಆಯಿಲ್‌ಕಿಂಗ್ ಎಂಬ ಮಾದರಿಯನ್ನು ಬಿಟ್ಟರು. ಹೆಸರಿನಲ್ಲೇ ಎಣ್ಣೆಗೆ ಪಟ್ಟಾಭಿಷೇಕ!

ನನ್ನ ಸೋದರಮಾವನ ಬಳಿ ಒಂದು ಆಯಿಲ್‌ಕಿಂಗ್ ಇತ್ತು. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ಒಂದು ಬೇಸಗೆ ರಜೆಯಲ್ಲಿ ಮಾವ ಅದರ ಪಂಪನ್ನು ಬಿಚ್ಚಿಸಿ, ಕೊಳವೆಯ ಬಾಯಿ ಮುಚ್ಚಿಸಿ, ಹಳೆಯ ಜಾವಾದ ಹಾಗೆ ಪೆಟ್ರೋಲಿಗೆ ಎಣ್ಣೆ ಬೆರೆಸತೊಡಗಿದರು. ಪಂಪು ಕೆಟ್ಟಿತ್ತೆ? ಇಲ್ಲ, ಚೆನ್ನಾಗಿಯೇ ಇತ್ತು. ನಾನು ಕಾರಣ ಕೇಳಿದ್ದಕ್ಕೆ ಅವರೆಂದರು: “ಅದು ನಿಂತುಹೋದರೆ ನನಗೆ ಗೊತ್ತಾಗೋದು ಎಂಜಿನ್ನು ಹಿಡಿದ ಮೇಲೆ. ಈ ಪಾತ್ರೆಯಾದರೆ ನನ್ನ ಕೈಯಲ್ಲೇ ಇದೆಯಲ್ಲ!” ಆಗಿನ ಸವಾರರಲ್ಲಿ ಹಲವರು ಹೀಗೆಯೇ ಮಾಡಿದರು. 1978ರಲ್ಲಿ ರೋಡ್‌ಕಿಂಗ್ ಬಂದಾಗ ಅದರಲ್ಲಿ ಪಂಪಿರಲಿಲ್ಲ. ಎಣ್ಣೆ ಮತ್ತೆ ಪೆಟ್ರೋಲಿಗೇ ಬೆರೆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕುವವರೆಗೂ ರೋಡ್‌ಕಿಂಗ್ ಹಾಗೆಯೇ ನಡೆಯಿತು.

ಇದನ್ನು ಹಿಂದುಳಿದವರ ಮೊಂಡುತನವೆಂದು ನಗುವುದು ಸುಲಭ. ನಾನು ನಗಲಾರೆ. ಟೂ ಸ್ಟ್ರೋಕಿನಲ್ಲಿ ಎಣ್ಣೆ ನಿಂತರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಗಾಲಿ ತಟಕ್ಕನೆ ನಿಲ್ಲುತ್ತದೆ. ಹಿಂದೆ ಕೂತ ಮಗುವಿನ ಗತಿಯೇನು? ಕಾಣದ ಯಂತ್ರಕ್ಕಿಂತ ಕಾಣುವ ಪಾತ್ರೆಯನ್ನು ನಂಬಿದ್ದರಲ್ಲಿ ನನ್ನ ಮಾವನ ತಪ್ಪೇನಿತ್ತು? ಪಂಪನ್ನು ಕೊಟ್ಟವರು ಅದು ನಡೆಯುತ್ತಿದೆಯೆಂದು ತೋರಿಸುವ ಒಂದು ಗಾಜಿನ ಕಂಡಿಯನ್ನೂ ಕೊಟ್ಟಿದ್ದರೆ ಆಯಿಲ್‌ಕಿಂಗ್‌ನ ರಾಜ್ಯಭಾರ ಬಹುಶಃ ಇನ್ನಷ್ಟು ಕಾಲ ನಡೆಯುತ್ತಿತ್ತೇನೋ.

ನನ್ನ ಪಾಲಿಗೆ ಬಂದದ್ದು ಮಾತ್ರ ಯೆಜ್ಡಿಯಲ್ಲ, ತಂದೆಯವರ ಬುಲೆಟ್. ಮದರಾಸಿನಲ್ಲಿ 1955ರಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾದ 350. ಸಿಲಿಂಡರಿನ ವ್ಯಾಸ 70 ಮಿಲಿಮೀಟರು, ಪಿಸ್ಟನ್ನಿನ ಓಟ 90. ಇದು ಫೋರ್ ಸ್ಟ್ರೋಕು. ಇಲ್ಲಿ ಪಂಪಿಲ್ಲದೆ ಗತ್ಯಂತರವಿಲ್ಲ. ಹಳೆಯ ಬುಲೆಟ್ಟಿನಲ್ಲಿ ಪಂಪುಗಳು ಎರಡು. ಎಂಜಿನ್ನಿನ ಬೆನ್ನಿಗೇ ಅಂಟಿದ ತೊಟ್ಟಿಯಿಂದ ಎಣ್ಣೆಯನ್ನು ಕಳಿಸುವುದೊಂದು. ಕೆಳಗೆ ಬಿದ್ದ ಎಣ್ಣೆಯನ್ನು ಎತ್ತಿ ಮರಳಿಸುವುದೊಂದು. ಮರಳಿಸುವುದು ಯಾವಾಗಲೂ ಕಳಿಸುವುದಕ್ಕಿಂತ ದೊಡ್ಡದು; ಇಲ್ಲದಿದ್ದರೆ ಹೊಟ್ಟೆಯಲ್ಲಿ ಎಣ್ಣೆ ತುಂಬಿ ಹೊಗೆಯ ಮೋಡವೇ ಏಳುತ್ತದೆ. ಕಳಿಸಿದ ಎಣ್ಣೆ ಮೊದಲು ಬಟ್ಟೆಯಂಥ ಫೆಲ್ಟ್ ಫಿಲ್ಟರಿನಲ್ಲಿ ಸೋಸಿ, ಒಂದು ಚಿಕ್ಕ ಸೀಲನ್ನು ದಾಟಿ, ಕ್ರ್ಯಾಂಕಿನ ಕೊರೆದ ತುದಿಯಿಂದ ಒಳಹೊಕ್ಕು, ಕನೆಕ್ಟಿಂಗ್ ರಾಡಿನ ಕೆಳತಲೆಯ ಬಿಗ್ ಎಂಡ್ ಬೇರಿಂಗಿಗೆ ಮುಟ್ಟಬೇಕು. ಆ ಬೇರಿಂಗು ಗುಂಡುಗಳದ್ದಲ್ಲ, ತೇಲುವ ಬುಷ್. ಎಣ್ಣೆಯ ತೆಳುಪದರದ ಮೇಲೆ ಅಕ್ಷರಶಃ ತೇಲುತ್ತಿರಬೇಕು.

ಎಂಜಿನ್ನು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಪಿಸ್ಟನ್ನು ಸೆಕೆಂಡಿಗೆ ಸರಾಸರಿ 12 ಮೀಟರು ಓಡುತ್ತದೆ. ಹಳೆಯ ರಸ್ತೆಗಳಲ್ಲಿ ಈ ವೇಗವನ್ನು ಹೆಚ್ಚು ಹೊತ್ತು ಹಿಡಿಯಲಾಗುತ್ತಿರಲಿಲ್ಲ. ಗುಂಡಿ, ದನ, ಸಂತೆ ಇವೆಲ್ಲ ಎಂಜಿನ್ನಿಗೆ ವಿಶ್ರಾಂತಿ ಕೊಡುತ್ತಿದ್ದುವು. ರಸ್ತೆಗಳು ಅಗಲವಾದ ಮೇಲೆ ಹಳೆಯ ಪಂಪಿಗೆ ಹೊಸ ಪರೀಕ್ಷೆ ಬಂದಿತು. ಹೆಚ್ಚು ಎಣ್ಣೆ ಕೊಡುವ ದೊಡ್ಡ ಪಂಪುಗಳನ್ನು ಬುಲೆಟ್ ಪ್ರಿಯರು ಹುಡುಕತೊಡಗಿದ್ದು ಇದಕ್ಕಾಗಿಯೇ.

ಒಂದು ಮಾರ್ಚ್ ತಿಂಗಳು ಪರೀಕ್ಷೆಯ ಮೇಲ್ವಿಚಾರಣೆಗೆಂದು ಮಾಗಡಿಗೆ ಹೋಗುತ್ತಿದ್ದೆ. ತಾವರೆಕೆರೆ ದಾಟಿದ ಮೇಲೆ ಎಂಜಿನ್ನಿನ ಅಡಿಯಿಂದ ಟಕ್ ಟಕ್ ಎಂದು ಮರಕುಟಿಗನ ಸದ್ದು. ಬಿಗ್ ಎಂಡ್ ಹೋಗಿತ್ತು. ಲಾರಿಯಲ್ಲಿ ಬುಲೆಟ್ಟು ಹಿಂದಕ್ಕೆ ಬಂತು, ನಾನು ಬಸ್ಸಿನಲ್ಲಿ ಮುಂದಕ್ಕೆ ಹೋದೆ. ಮರುದಿನವೇ ಜೆ.ಸಿ. ರಸ್ತೆಗೆ ಹೋಗಿ ದೊಡ್ಡ ಪಂಪು ತಂದೆ, ಕಳಿಸುವುದನ್ನು ಮಾತ್ರ. ವಿಜಯನಗರದಲ್ಲಿ ಬುಲೆಟ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಪಂಪನ್ನು ಕೈಯಲ್ಲಿ ತೂಗಿ ನೋಡಿ, “ಫಿಲ್ಟರ್ ಯಾವಾಗ ಹಾಕ್ಸಿದ್ರಿ ಮೇಷ್ಟ್ರೇ?” ಎಂದರು. ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಹೊರತೆಗೆದ ಫೆಲ್ಟು ನಮ್ಮ ಶಾಲೆಯ ಕರಿಹಲಗೆಯ ಒರೆಸುಬಟ್ಟೆಗಿಂತ ಕಪ್ಪಾಗಿತ್ತು. ಸೀಲು ಗಟ್ಟಿಯಾಗಿ ಸೀಳಿತ್ತು. ಪಂಪು ಕೊಟ್ಟ ಎಣ್ಣೆ ಅರ್ಧ ದಾರಿಯಲ್ಲೇ ಸೋರಿಹೋಗುತ್ತಿತ್ತು. ತಪ್ಪು ಪಂಪಿನದಲ್ಲ, ನನ್ನದು. ತಂದೆಯವರು ಮೂವತ್ತು ವರ್ಷ ಕಾಪಾಡಿದ್ದನ್ನು ನಾನು ನಾಲ್ಕು ವರ್ಷದಲ್ಲಿ ಕೆಡಿಸಿದ್ದೆ.

ದೊಡ್ಡ ಪಂಪನ್ನು ಹಾಕಿಸಲೇ ಇಲ್ಲವೆಂದು ತಿಳಿಯಬೇಡಿ. ಹಾಕಿಸಿದೆ, ಆದರೆ ಆ ಹಿರಿಯರ ಮಾತಿನಂತೆ ಮರಳಿಸುವ ಪಂಪನ್ನೂ ದೊಡ್ಡದು ತಂದು, ಎರಡರ ತಟ್ಟೆಗಳನ್ನೂ ಅವುಗಳ ಪೀಠಕ್ಕೆ ನಯವಾಗಿ ಉಜ್ಜಿ ಕೂಡಿಸಿ, ಹೊಸ ಸೀಲು, ಹೊಸ ಫಿಲ್ಟರು, ಹೊಸ ಬುಷ್ ಎಲ್ಲವನ್ನೂ ಸೇರಿಸಿ. ತಟ್ಟೆ ನಯವಾಗಿ ಕೂಡದಿದ್ದರೆ ವಾಹನ ನಿಂತಿರುವಾಗ ಎಣ್ಣೆ ತಾನಾಗಿ ಹೊಟ್ಟೆಗೆ ಇಳಿಯುತ್ತದೆಯಂತೆ; ಬೇಸಗೆ ರಜೆಯ ನಂತರ ಚಾಲೂ ಮಾಡಿದಾಗ ನಮ್ಮ ಬೀದಿಯವರೆಲ್ಲ ಕೆಮ್ಮುತ್ತಿದ್ದುದರ ಕಾರಣ ಅಂದು ತಿಳಿಯಿತು.

2009ರ ಸುಮಾರಿಗೆ ಬಂದ ಹೊಸ ಬುಲೆಟ್ ಎಂಜಿನ್ನುಗಳಲ್ಲಿ ಒಂದರೊಳಗೊಂದು ತಿರುಗುವ ಹಲ್ಲುಚಕ್ರಗಳ ಪಂಪು ಬಂದಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರುಹುಟ್ಟು ಪಡೆದುವು. ಅವೂ ಈಗ ಫೋರ್ ಸ್ಟ್ರೋಕುಗಳೇ, ಒಳಗೆ ಪಂಪಿರುವುವೇ. ಯಾವ ಸವಾರನೂ ಅದನ್ನು ಬಿಚ್ಚಿಸುವ ಯೋಚನೆ ಮಾಡುವುದಿಲ್ಲ. ಇದೆಯೆಂಬುದೇ ಹಲವರಿಗೆ ಗೊತ್ತಿಲ್ಲ.

ನನ್ನ ಹಳೆಯ ಬುಲೆಟ್ಟಿಗೆ ಗಾಜಿನ ತೊಟ್ಟಿಯಿಲ್ಲ. ಆದರೆ ಎಂಜಿನ್ನಿನ ತಲೆಯ ಮೇಲಕ್ಕೆ ಹೋಗುವ ಸಣ್ಣ ಎಣ್ಣೆ ಕೊಳವೆಗೆ ಒಂದು ತಿರುಪುಂಟು. ಭಾನುವಾರ ಬೆಳಿಗ್ಗೆ ಎಂಜಿನ್ನನ್ನು ಚಾಲೂ ಮಾಡಿ, ಆ ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ಪಕ್ಕದಲ್ಲಿ ಹಳೆಯ ಪಂಚೆಯ ತುಂಡು ಹಿಡಿದು ಕೂರುತ್ತೇನೆ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ತಿರುಪಿನ ಕೊರಳಲ್ಲಿ ಎಣ್ಣೆ ಒಸರಿ ಹೊಳೆಯುತ್ತದೆ. ಬೆರಳಿಂದ ಒರೆಸಿ, ತಿರುಪು ಬಿಗಿದು, ಹಾಲು ತರಲು ಹೊರಡುತ್ತೇನೆ.